ಕಾರ್ ಶೆಡ್ಡಿನ ಡ್ರಮ್ಮು, ಪಕ್ಕದ ಮನೆಯ ನಿದ್ದೆ

ಇವತ್ತು ವಿಧಾನಸಭೆಯ ಗಲಾಟೆ ಬೇಡ. ಅದಕ್ಕಿಂತ ಜೋರಾದ ಒಂದು ಗಲಾಟೆಯ ಬಗ್ಗೆ ಮಾತಾಡೋಣ.

ಹೊಳೆನರಸೀಪುರದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದರು. ನಮ್ಮ ಚಾನೆಲ್‌ಗೆ ಬರುವ ಕರೆಗಳು ಬಹುಪಾಲು "ಇವರನ್ನ ಬಿಡಬೇಡಿ ಸಾರ್, ಟಿವೀಲಿ ತೋರಿಸಿ ಮಾನ ಕಳೀರಿ" ಅನ್ನೋ ಥರದವು. ಈಕೆ ಅದರ ಉಲ್ಟಾ. "ಟಿವೀಲಿ ಹಾಕ್ಬೇಡಿ ಕಣಣ್ಣ, ಹುಡುಗ್ರು ಒಳ್ಳೇವ್ರು. ಆದ್ರೆ ನಮ್ಮನೆಯವ್ರಿಗೆ ನಿದ್ದೆ ಇಲ್ಲ" ಅಂದರು.

ವಿಷಯ ಇಷ್ಟು. ಅವರ ಯಜಮಾನರು ನೈಟ್ ರೂಟ್ ಬಸ್ ಡ್ರೈವರ್. ರಾತ್ರಿಯೆಲ್ಲ ಸ್ಟೇರಿಂಗ್ ಹಿಡಿದು ಬೆಳಗ್ಗೆ ಎಂಟಕ್ಕೆ ಮನೆಗೆ ಬಂದು, ತಿಂಡಿ ತಿಂದು ಮಲಗುತ್ತಾರೆ. ಹನ್ನೊಂದಕ್ಕೆ ಸರಿಯಾಗಿ ಪಕ್ಕದ ಮನೆಯ ಕಾರ್ ಶೆಡ್ಡಿನಲ್ಲಿ ಆರ್ಕೆಸ್ಟ್ರಾ ಪ್ರಾಕ್ಟೀಸ್ ಶುರು. ಗಣೇಶನ ಹಬ್ಬ ಹತ್ತಿರ ಬಂದಿತ್ತು. ಹುಡುಗರಿಗೆ ಅದೇ ಸೀಸನ್ನು.

ಆಕೆ ಇನ್ನೊಂದು ಮಾತು ಹೇಳಿದರು. "ಹಾಡು ಕೇಳ್ಸಲ್ಲ ಕಣಣ್ಣ. ಹಾಡಾದ್ರೂ ಕೇಳ್ಸಿದ್ರೆ ಆಗ್ತಿತ್ತು. ಬರೀ ದಬ್ ದಬ್ ದಬ್ ಅಂತ ಗೋಡೇಲಿ ಬರುತ್ತೆ." ಈ ಮಾತನ್ನು ಜ್ಞಾಪಕ ಇಟ್ಟುಕೊಳ್ಳಿ. ಇಡೀ ಸಮಸ್ಯೆಯ ಇಂಜಿನಿಯರಿಂಗ್ ಇದರೊಳಗೇ ಇದೆ. ಮುಂದೆ ಬರ್ತೀನಿ.

ನಮ್ಮ ಸ್ಟುಡಿಯೋದಲ್ಲಾಗಿದ್ದರೆ ಆಕೆಯನ್ನು ಒಂದು ಕಿಟಕಿಯಲ್ಲಿ, ಡ್ರಮ್ಮರ್ ಹುಡುಗನನ್ನು ಇನ್ನೊಂದು ಕಿಟಕಿಯಲ್ಲಿ ಕೂರಿಸಿ, ಮಧ್ಯೆ ನಾನು ನಿಂತು ಅರ್ಧ ಗಂಟೆ ಕಿರುಚಾಡಿಸಬಹುದಿತ್ತು. ಆದರೆ ನನಗೆ ಆ ನೈತಿಕ ಹಕ್ಕಿಲ್ಲ. ಯಾಕೆಂದರೆ ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ನಾನೂ ಒಂದು ಕಾರ್ ಶೆಡ್ಡಿನಲ್ಲಿ ರಿದಮ್ ಪ್ಯಾಡ್ ಬಾರಿಸಿದವನು. ಚೆನ್ನಾಗಿ ಬಾರಿಸುತ್ತಿದ್ದೆ ಅಂತ ಹೇಳ್ತಾ ಇಲ್ಲ. ಜೋರಾಗಿ ಬಾರಿಸುತ್ತಿದ್ದೆ.

ಆ ಶೆಡ್ಡಿನ ಎದುರು ಮನೆಯಲ್ಲಿ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರ್ ಇದ್ದರು. ಒಂದು ದಿನವೂ ಬೈಯಲಿಲ್ಲ. ಸಂಜೆ ಗೇಟಿನ ಹತ್ತಿರ ಬಂದು "ಇವತ್ತು ಎಷ್ಟೊತ್ತಿಗೆ ನಿಲ್ಲಿಸ್ತೀರಪ್ಪಾ?" ಅಂತ ಕೇಳೋರು, ಅಷ್ಟೇ. ನಮಗೋ ಅಭಿಮಾನ, ಸೌಂಡ್‌ಪ್ರೂಫ್ ಮಾಡಿಯೇ ಬಿಡೋಣ ಅಂತ ಹೊರಟೆವು. ಊರಿನ ಎಗ್ ರೈಸ್ ಗಾಡಿಗಳನ್ನೆಲ್ಲ ಸುತ್ತಿ ಮೊಟ್ಟೆ ಟ್ರೇ ಒಟ್ಟು ಮಾಡಿ, ನಾಲ್ಕೂ ಗೋಡೆಗೆ ಗೋಂದು ಹಾಕಿ ಅಂಟಿಸಿದೆವು. ಶೆಡ್ಡಿನ ತುಂಬ ಮೊಟ್ಟೆ ವಾಸನೆ, ರಾತ್ರಿ ಜಿರಳೆ. ಮಾರನೇ ದಿನ ಹೆಡ್‌ಮಾಸ್ಟರ್ ಮತ್ತೆ ಗೇಟಿಗೆ ಬಂದರು. ಅದೇ ಪ್ರಶ್ನೆ. ಅವರ ಹೆಂಡತಿಗೆ ಆಪರೇಷನ್ ಆಗಿ ಮನೆಯಲ್ಲೇ ಮಲಗಿದ್ದರು ಅಂತ ನಮಗೆ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ.

ಮೊಟ್ಟೆ ಟ್ರೇ ಯಾಕೆ ಕೆಲಸ ಮಾಡಲಿಲ್ಲ? ಇಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ನಾವು ಕೇಳಬೇಕಿದ್ದ ಪ್ರಶ್ನೆ ಅದು. ಕೇಳಲಿಲ್ಲ. ಉತ್ತರ ಸಿಕ್ಕಿದ್ದು ಟಿವಿ ಕೆಲಸಕ್ಕೆ ಸೇರಿದ ಮೇಲೆ. ನೀವು ನ್ಯೂಸ್ ಸ್ಟುಡಿಯೋಗಳ ಗೋಡೆ ನೋಡಿದ್ದರೆ ಅಲ್ಲಿ ಮೆತ್ತಗಿನ ಫೋಮ್ ಅಂಟಿಸಿರುತ್ತಾರೆ. ಓಹೋ, ಇದರಿಂದಲೇ ಹೊರಗಿನ ಟ್ರಾಫಿಕ್ ಶಬ್ದ ಒಳಗೆ ಬರಲ್ಲ ಅಂದುಕೊಳ್ಳುತ್ತೀರಿ. ಅಲ್ಲ. ಆ ಫೋಮ್ ಇರುವುದು ನನ್ನದೇ ದನಿ ಗೋಡೆಗೆ ಬಡಿದು ವಾಪಸ್ ಮೈಕಿಗೆ ಬರದೇ ಇರಲಿ ಅಂತ. ಟ್ರಾಫಿಕ್ ತಡೆಯುವುದು ದಪ್ಪ ಗೋಡೆ, ಒಂದರ ಹಿಂದೆ ಒಂದು ಇರುವ ಎರಡು ಭಾರದ ಬಾಗಿಲು, ಬಾಗಿಲ ಸುತ್ತ ಬಿಗಿಯಾಗಿ ಕೂರುವ ರಬ್ಬರ್. ಶಬ್ದವನ್ನು ಹೀರುವುದು ಬೇರೆ, ಶಬ್ದವನ್ನು ತಡೆಯುವುದು ಬೇರೆ. ಹೀರೋದಕ್ಕೆ ಮೆತ್ತಗಿನ ವಸ್ತು ಬೇಕು. ತಡೆಯೋದಕ್ಕೆ ತೂಕ ಬೇಕು. ಮೊಟ್ಟೆ ಟ್ರೇಗೆ ತೂಕ ಎಲ್ಲಿದೆ ಹೇಳಿ? ಥರ್ಮೋಕೋಲ್‌ಗೆ ಎಲ್ಲಿದೆ? ಹೀರೋ ಕೆಲಸವನ್ನಾದರೂ ಟ್ರೇ ಅರೆಬರೆ ಮಾಡುತ್ತೆ, ಅದೂ ಕೀಚಲು ಸ್ವರಗಳನ್ನು ಮಾತ್ರ. ಮೇಲಿಂದ ಬೆಂಕಿ ಭಯ. ಒಂದು ವೈರ್ ಶಾರ್ಟ್ ಆದರೆ ಇಡೀ ಗೋಡೆಯೇ ಸೌದೆ.

ಈಗ ಹೊಳೆನರಸೀಪುರದ ಲೆಕ್ಕಕ್ಕೆ ಬರೋಣ. ಡ್ರಮ್ ಸೆಟ್ಟನ್ನು ಕೈ ಬಿಟ್ಟು ಬಾರಿಸಿದರೆ ಒಂದು ಸಣ್ಣ ಶೆಡ್ಡಿನೊಳಗೆ 100ರಿಂದ 110 ಡೆಸಿಬೆಲ್ ಬರುತ್ತೆ. ನಾವು ಎದುರು ಬದುರು ಕೂತು ಮಾತಾಡೋದು ಸುಮಾರು 60. ಹಾಗಾದರೆ ಎರಡು ಪಟ್ಟೂ ಇಲ್ಲವಲ್ಲ ಅನ್ನಬೇಡಿ. ಡೆಸಿಬೆಲ್ ಅನ್ನೋದು ಕಿರಾಣಿ ಅಂಗಡಿಯ ತಕ್ಕಡಿ ಲೆಕ್ಕ ಅಲ್ಲ. 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟು. 20 ಹೆಚ್ಚಾದರೆ 100 ಪಟ್ಟು. 40 ಹೆಚ್ಚಾದರೆ 10,000 ಪಟ್ಟು. ನಮ್ಮ ಕಿವಿ ಪಾಪ, ಪ್ರತಿ 10 ಡೆಸಿಬೆಲ್‌ಗೂ ಸುಮಾರು ಎರಡು ಪಟ್ಟು ಜೋರು ಅಂತ ಮಾತ್ರ ಗ್ರಹಿಸುತ್ತೆ.

ಇಲ್ಲೊಂದು ಅಡ್ಡದಾರಿ ಹಿಡೀತೀನಿ, ಬೇಜಾರು ಮಾಡ್ಕೋಬೇಡಿ. ಈ ವಿಷಯ ಮಾತಾಡಿದಾಗೆಲ್ಲ ಹಾಸನದ ಕಡೆ ಯಾರಾದರೂ ಒಬ್ಬರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಉದಾಹರಣೆ ಕೊಡ್ತಾರೆ. ಕಾವೇರಿ ದಡದ ಸಣ್ಣ ಊರು. ಕರ್ನಾಟಕ ಸಂಗೀತದ ತವರು. 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಆ ಊರಿನವರು. ರುದ್ರಪಟ್ಟಣ ಸಹೋದರರು ಅಂತಲೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಆ ಊರಿನವರು. ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿ ಆಕಾರದಲ್ಲೇ ಒಂದು ಸಂಗೀತ ಮಂದಿರ ಕಟ್ಟಿಸಿದ್ದಾರೆ. "ಅಲ್ಲಿ ಮನೆಮನೆಯಲ್ಲೂ ಸಾಧನೆ ಮಾಡ್ತಿದ್ರು, ಯಾರಾದ್ರೂ ಜಗಳ ಆಡಿದ್ರಾ? ಇವರ ಸಿನಿಮಾ ಹಾಡೇ ಸರಿ ಇಲ್ಲ" ಅನ್ನೋದು ಅವರ ವಾದ.

ಸ್ವಾಮಿ, ಇದು ರಾಗದ ಪ್ರಶ್ನೆ ಅಲ್ಲ, ಅಂಕಗಣಿತದ ಪ್ರಶ್ನೆ. ತಂಬೂರಿ ಮೀಟಿಕೊಂಡು ಮನೆಯೊಳಗೆ ಸಾಧನೆ ಮಾಡುವ ಒಂದು ಕಂಠಕ್ಕೂ, ಶೆಡ್ಡಿನೊಳಗಿನ ಡ್ರಮ್ ಸೆಟ್ಟಿಗೂ ಮಧ್ಯೆ ಹೆಚ್ಚುಕಡಿಮೆ 35-40 ಡೆಸಿಬೆಲ್ ಅಂತರ. ಸಾವಿರಾರು ಪಟ್ಟು ಶಕ್ತಿ. ಅದೇ ಕಂಠಕ್ಕೆ ಒಂದು ಕಾಲಂ ಸ್ಪೀಕರ್ ಕೊಟ್ಟು ಬೆಳಗಿನ ಜಾವ ನಾಲ್ಕಕ್ಕೆ ನಿಮ್ಮ ಕಿಟಕಿಗೆ ತಿರುಗಿಸಿ ಇಡಿ. ಆಮೇಲೆ ಶಾಸ್ತ್ರೀಯ, ಸಿನಿಮಾ ಅಂತ ಮಾತಾಡೋಣ. ಆರ್ಕೆಸ್ಟ್ರಾ ಹುಡುಗರನ್ನು ಪೋಲಿಗಳು ಅಂತ ತಳ್ಳಿಹಾಕೋರನ್ನ ಕಂಡರೆ ನನಗೆ ಆಗಲ್ಲ. ಗಣೇಶೋತ್ಸವ, ಕನ್ನಡ ರಾಜ್ಯೋತ್ಸವ, ಊರ ಜಾತ್ರೆ, ಮದುವೆ ರಿಸೆಪ್ಷನ್ನು, ಈ ನಾಲ್ಕರ ಮೇಲೆ ಅವರ ವರ್ಷದ ಸಂಪಾದನೆ ನಿಂತಿದೆ. ಬೆಂಗಳೂರಿನಲ್ಲಾದರೆ ಗಂಟೆಗಿಷ್ಟು ಅಂತ ಬಾಡಿಗೆಗೆ ಪ್ರಾಕ್ಟೀಸ್ ರೂಮ್ ಸಿಗುತ್ತೆ. ಹೊಳೆನರಸೀಪುರದ ಹುಡುಗ ಎಲ್ಲಿಗೆ ಹೋಗಬೇಕು? ಕಾರ್ ಶೆಡ್ಡೇ ಗತಿ. ಅಮೆರಿಕದಲ್ಲಿ 1960ರ ದಶಕದಲ್ಲಿ ಹೀಗೇ ಕಾರ್ ಶೆಡ್ಡಿನಲ್ಲಿ ಬಾರಿಸುತ್ತಿದ್ದ ಹುಡುಗರಿಂದಾಗಿ 'ಗರಾಜ್ ರಾಕ್' ಅಂತ ಒಂದು ಸಂಗೀತ ಪ್ರಕಾರಕ್ಕೇ ಹೆಸರು ಬಂತು.

ಸರಿ, ಕಾನೂನು ಏನು ಹೇಳುತ್ತೆ? ಕೇಂದ್ರ ಸರ್ಕಾರದ ಶಬ್ದ ಮಾಲಿನ್ಯ ನಿಯಮಗಳು ಬಂದಿದ್ದು 2000ದಲ್ಲಿ. ವಾಸದ ಬಡಾವಣೆಗಳಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಘೋಷಿಸಿದ್ದರೆ ಅಲ್ಲಿ 50 ಮತ್ತು 40. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಖಾಸಗಿ ಸೌಂಡ್ ಸಿಸ್ಟಮ್‌ಗಳಿಗೂ ಒಂದು ಗೆರೆ ಎಳೆಯಿತು. ಆಮೇಲೆ 2010ರ ತಿದ್ದುಪಡಿಯಲ್ಲಿ ಅದೇ ಗೆರೆ ನಿಯಮದೊಳಗೆ ಬಂತು, ವಾದ್ಯಗಳೂ ಸೇರಿದವು. ನಿಮ್ಮ ಕಾಂಪೌಂಡ್ ಗಡಿಯಲ್ಲಿ ಅಳೆದಾಗ ಆ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಅಂದರೆ ಹಗಲು 60. ರಾತ್ರಿ 10ರ ಮೇಲೆ ಶೆಡ್ಡಿನಲ್ಲಿ ಡ್ರಮ್ ಮುಟ್ಟೋದೇ ಬೇಡ.

ಗಮನಿಸಿ, ನೈಟ್ ರೂಟ್ ಡ್ರೈವರಿಗೆ ಈ ಕಾನೂನಿನಲ್ಲಿ ಜಾಗವೇ ಇಲ್ಲ. ಅವರ ರಾತ್ರಿ ಶುರುವಾಗೋದೇ ಬೆಳಗ್ಗೆ ಎಂಟಕ್ಕೆ. ಹುಡುಗರು ಪೂರ್ತಿ ಕಾನೂನುಬದ್ಧವಾಗಿ 60 ಡೆಸಿಬೆಲ್‌ನಲ್ಲಿ ಬಾರಿಸಿದರೂ ಅವರಿಗೆ ನಿದ್ದೆ ಬರಲ್ಲ. ಮಲಗುವ ಕೋಣೆಯಲ್ಲಿ ನಿದ್ದೆ ಕೆಡದಿರಲು ಶಬ್ದ 30 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಿದ್ದೆಗೆಟ್ಟ ಆ ಮನುಷ್ಯ ಅವತ್ತು ರಾತ್ರಿ ಒಂದು ಬಸ್ ತುಂಬ ಜನರನ್ನು ಕೂರಿಸಿಕೊಂಡು ಹೋಗಬೇಕು. ಬಸ್ಸಿನಲ್ಲಿ ನೀವೂ ಇರಬಹುದು, ನಾನೂ ಇರಬಹುದು.

ಈಗ ಲೆಕ್ಕ. ಒಳಗೆ 105, ಗಡಿಯಲ್ಲಿ 60 ಆಗಬೇಕು. ಮಧ್ಯೆ 45 ಡೆಸಿಬೆಲ್ ಕಳೀಬೇಕು. ಎರಡೂ ಕಡೆ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತೆ. ನಾಲ್ಕೂವರೆ ಇಂಚಿನದ್ದು ನಲವತ್ತರ ಮೇಲೆ. ಅಂದರೆ ಗೋಡೆ ಸಾಕು! ಹಾಗಾದರೆ ಶಬ್ದ ಎಲ್ಲಿಂದ ಹೋಗ್ತಿದೆ? ರೋಲಿಂಗ್ ಶಟರ್‌ನಿಂದ. ತೆಳು ತಗಡು, ಪಟ್ಟಿ ಪಟ್ಟಿಗೂ ಸಂದು, ಕೆಳಗೆ ಎರಡು ಬೆರಳು ಗ್ಯಾಪ್, ಮೇಲೆ ಸುರುಳಿ ಸುತ್ತುವ ಕಡೆ ಕೈ ತೂರುವಷ್ಟು ಜಾಗ. ಅದು ತಡೆಯೋದು 15-20 ಡೆಸಿಬೆಲ್ ಇದ್ದರೆ ಹೆಚ್ಚು. ಮೇಲೆ ತಗಡಿನ ಶೀಟು ಹೊದಿಸಿದ್ದರೆ ಅದೂ ಅಷ್ಟೇ. ಗೊರೂರು ಅಣೆಕಟ್ಟೆಯ ಗೋಡೆ ಎಷ್ಟು ದಪ್ಪ ಇದ್ದರೇನು, ಗೇಟು ಎತ್ತಿದರೆ ನೀರು ಹೊಳೆನರಸೀಪುರಕ್ಕೆ ಬಂದೇ ಬರುತ್ತಲ್ವಾ?

ಇನ್ನೊಂದು ಲೆಕ್ಕ ಹೇಳ್ತೀನಿ, ನನಗೆ ತುಂಬ ಇಷ್ಟವಾದದ್ದು. 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಶೆಡ್ಡು ಅಂದುಕೊಳ್ಳಿ. ನಾಲ್ಕೂ ಗೋಡೆ ಸೇರಿ 600 ಚದರಡಿ. ಅದರಲ್ಲಿ 3 ಅಡಿಗೆ 2 ಅಡಿಯ ಒಂದೇ ಒಂದು ವೆಂಟಿಲೇಟರ್ ತೆರೆದಿದೆ. ಬರೀ ನೂರಕ್ಕೆ ಒಂದು ಪಾಲು. ಉಳಿದ ಗೋಡೆಯನ್ನು ನೀವು ಬೇಲೂರಿನ ದೇವಸ್ಥಾನದ ಕಲ್ಲಿನಲ್ಲೇ ಕಟ್ಟಿ, ಒಟ್ಟು ತಡೆ 20 ಡೆಸಿಬೆಲ್ ದಾಟಲ್ಲ. ದುಡ್ಡು ಸುರಿಯುವ ಮೊದಲು ಸಂದು ಹುಡುಕಿ ಅನ್ನೋದು ಇದಕ್ಕೇ. ಹಗಲು ಹೊತ್ತಿನಲ್ಲಿ ಶೆಡ್ಡಿನೊಳಗೆ ನಿಂತು ಶಟರ್ ಎಳೆದು ಲೈಟ್ ಆರಿಸಿ. ಬೆಳಕು ಎಲ್ಲೆಲ್ಲಿ ಕಾಣುತ್ತೋ ಅಲ್ಲೆಲ್ಲ ಶಬ್ದ ಹೊರಗೆ ಹೋಗ್ತಿದೆ.

ಈಗ ಆ 'ದಬ್ ದಬ್'ಗೆ ಬರೋಣ. ಹಾಡು ಯಾಕೆ ಕೇಳಿಸಲ್ಲ, ದಬ್ ದಬ್ ಮಾತ್ರ ಯಾಕೆ? ಗೋಡೆ ಒಂದು ಜರಡಿ ಇದ್ದ ಹಾಗೆ. ಹಾಡುಗಾರನ ಮೇಲ್ಸ್ವರ, ಕೀಬೋರ್ಡಿನ ಕಿಣಿಕಿಣಿ ಎಲ್ಲ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ಮಂದ್ರ ಮಾತ್ರ ತೂರಿಬರುತ್ತೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ 8 ಮೀಟರಿಗಿಂತ ಹೆಚ್ಚು, ಅಂದರೆ ನಿಮ್ಮ ಶೆಡ್ಡಿಗಿಂತ ಉದ್ದ! ಅದಕ್ಕೆ ಒಂದು ಇಂಚಿನ ಫೋಮ್, ಒಂದು ಪರದೆ ಅಡ್ಡ ಹಿಡಿದರೆ ಲೆಕ್ಕಕ್ಕೇ ಇಲ್ಲ. ಜೊತೆಗೆ ಕಿಕ್ ಡ್ರಮ್ಮಿನ ಪೆಟ್ಟು ನೇರವಾಗಿ ನೆಲಕ್ಕೆ ಇಳಿದು, ನೆಲದಿಂದ ಅಡಿಪಾಯಕ್ಕೆ, ಅಲ್ಲಿಂದ ಪಕ್ಕದ ಮನೆಯ ಗೋಡೆಗೆ ಹತ್ತುತ್ತೆ. ಆಕೆ "ಗೋಡೇಲಿ ಬರುತ್ತೆ" ಅಂದಿದ್ದು ಅಲಂಕಾರ ಅಲ್ಲ, ಅಕ್ಷರಶಃ ಸತ್ಯ.

ಇನ್ನೊಂದು ಮೋಸ ಇದೆ. ನಾವು ಅಳೆಯುವ ಡೆಸಿಬೆಲ್‌ನಲ್ಲಿ 'ಎ' ಅನ್ನೋ ಒಂದು ಸೋಸುವಿಕೆ ಇರುತ್ತೆ. ಮನುಷ್ಯರ ಕಿವಿಯ ಹಾಗೇ ಅಳೀಲಿ ಅಂತ ಅದು ಮಂದ್ರ ಸ್ವರಗಳನ್ನು ಕಡಿಮೆ ಎಣಿಸುತ್ತೆ. ಕಾನೂನಿನ ಲೆಕ್ಕವೂ ಅದೇ. ಹಾಗಾಗಿ ಮೀಟರ್ "ಪಾಸ್" ಅಂತ ತೋರಿಸುತ್ತಿರುವಾಗಲೂ ಮಂಚದ ಮೇಲೆ ಮಲಗಿದವರ ಎದೆ ಗುದ್ದಿದ ಹಾಗೆ ಆಗ್ತಾ ಇರಬಹುದು. ಮೀಟರ್ ಹಿಡ್ಕೊಂಡು ಜಗಳಕ್ಕೆ ಹೋಗೋರು ಇದನ್ನ ತಿಳ್ಕೊಂಡಿರಿ.

ಒಂದು ಭಾನುವಾರ ಹಾಸನಕ್ಕೆ ಹೋಗಿದ್ದವನು ಅಲ್ಲಿಂದ ಹೊಳೆನರಸೀಪುರಕ್ಕೆ ಹೋದೆ. ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಹುಡುಗರು ಮೊದಲು ಹೆದರಿದರು, ಆಮೇಲೆ ಸೆಲ್ಫಿ ತೆಗೆದುಕೊಂಡರು. ಮೊಬೈಲ್ ಆ್ಯಪಿನಲ್ಲಿ ಅಳೆದೆ. ಅದು ಕೋರ್ಟಿನಲ್ಲಿ ನಿಲ್ಲಲ್ಲ, ಆದರೆ ಮೊದಲಿಗೂ ಆಮೇಲಿಗೂ ಹೋಲಿಸೋಕೆ ಸಾಕು. ಒಳಗೆ 98, ಅಕ್ಕನ ಮನೆ ಕಾಂಪೌಂಡ್ ಹತ್ತಿರ 78.

ಮೊದಲ ಕೆಲಸಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ಪ್ರಾಕ್ಟೀಸಿಗೆ ದೊಡ್ಡ ಸ್ಪೀಕರ್ ಯಾಕಪ್ಪಾ ಅಂತ ಕೇಳಿದೆ. "ಸಾರ್, ಡ್ರಮ್ ಸೌಂಡಲ್ಲಿ ನನ್ನ ವಾಯ್ಸ್ ನನಗೇ ಕೇಳ್ಸಲ್ಲ" ಅಂದ ಹಾಡುಗಾರ. ಡ್ರಮ್ಮರ್ ಏನಂದ? "ಸ್ಪೀಕರ್ ಸೌಂಡಲ್ಲಿ ನನ್ನ ಡ್ರಮ್ ನನಗೇ ಕೇಳ್ಸಲ್ಲ." ಒಬ್ಬರನ್ನೊಬ್ಬರು ಮೀರಿಸೋಕೆ ಹೋಗಿ ಎಲ್ಲರೂ ಕಿರುಚುತ್ತಿದ್ದರು. ನಮ್ಮ ಪ್ಯಾನಲ್ ಡಿಸ್ಕಷನ್ ಥರಾನೇ. ಅವರ ಹತ್ತಿರ ರಿದಮ್ ಪ್ಯಾಡ್ ಇತ್ತು, ಕೀಬೋರ್ಡ್ ಇತ್ತು, ಮಿಕ್ಸರ್ ಇತ್ತು. ಎಲ್ಲವನ್ನೂ ಮಿಕ್ಸರಿಗೆ ಕೊಟ್ಟು, ಅಲ್ಲಿಂದ ಹಲವರಿಗೆ ಒಟ್ಟಿಗೆ ಸಿಗ್ನಲ್ ಹಂಚುವ ಒಂದು ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರ್ ಹಾಕಿದರೆ ಶೆಡ್ಡಿನ ಹೊರಗೆ ಕೇಳೋದು ಹಾಡುಗಾರನ ಬರಿ ದನಿ ಮತ್ತು ಢೋಲಕ್ ಮಾತ್ರ. ಡ್ರಮ್ ಸೆಟ್ಟು ವಾರಕ್ಕೆ ಒಂದೇ ದಿನ, ಫೈನಲ್ ರಿಹರ್ಸಲ್‌ಗೆ. ಉಳಿದ ದಿನ ಪ್ಯಾಡ್. ತಮಟೆ, ಟ್ರಂಪೆಟ್ ಇರುವ ಬ್ಯಾಂಡ್ ಸೆಟ್ಟಿನವರಿಗೆ ಈ ಉಪಾಯ ನಡೆಯಲ್ಲ. ಅವರು ಊರಾಚೆ ಹೋಗಲೇಬೇಕು.

ಇದು ಹುಡುಗರ ಕಿವಿಗೂ ಒಳ್ಳೇದು. 85 ಡೆಸಿಬೆಲ್ ದಿನಕ್ಕೆ 8 ಗಂಟೆ ತಡ್ಕೋಬಹುದು ಅನ್ನೋದು ತಜ್ಞರ ಒಂದು ಲೆಕ್ಕ. ಪ್ರತಿ 3 ಡೆಸಿಬೆಲ್ ಹೆಚ್ಚಾದಾಗ ಸಮಯ ಅರ್ಧ. ಹಾಗೆ ಇಳಿಸುತ್ತಾ ಹೋದರೆ 100ಕ್ಕೆ ಬರುವ ಹೊತ್ತಿಗೆ ಉಳಿಯೋದು 15 ನಿಮಿಷ. ಇವರು ದಿನಾ ನಾಲ್ಕು ಗಂಟೆ ಬಾರಿಸ್ತಾರೆ. ಡ್ರಮ್ಮರ್‌ನ ಕೇಳಿದೆ, ರಾತ್ರಿ ಮಲಗಿದಾಗ ಕಿವಿಯಲ್ಲಿ ಕುಯ್ ಅನ್ನುತ್ತಾ ಅಂತ. "ಎಲ್ರಿಗೂ ಹಂಗೇ ಅಲ್ವಾ ಸಾರ್?" ಅಂದ. ಅವನಿಗೆ ಇನ್ನೂ ಇಪ್ಪತ್ತೆರಡು. ಹೆಡ್‌ಫೋನ್ ಹಾಕಿದರೂ ವಾಲ್ಯೂಮ್ ಮೇಲೆ ಕೈ ಹಿಡಿತ ಇರಬೇಕು ಅಂತ ಬೈದೇ ಹೇಳಿದೆ.

ಎರಡನೇದು ಶಟರ್. ಶೆಡ್ಡು ಕೀಬೋರ್ಡ್ ಹುಡುಗನ ಅಪ್ಪನದ್ದು. ಕಾರು ಮಾರಿ ಎರಡು ವರ್ಷ ಆಗಿದೆ. ಹಾಗಿದ್ದ ಮೇಲೆ ಶಟರ್ ಹಿಂದೆ ಅರ್ಧ ಅಡಿ ಜಾಗ ಬಿಟ್ಟು ಒಂದು ನಾಲ್ಕೂವರೆ ಇಂಚಿನ ಗೋಡೆ, ಅದರಲ್ಲಿ ಒಂದು ಗಟ್ಟಿ ಫ್ಲಶ್ ಡೋರ್, ಚೌಕಟ್ಟಿನ ಸುತ್ತ ರಬ್ಬರ್ ಬೀಡಿಂಗ್, ಕೆಳಗೆ ನೆಲಕ್ಕೆ ತಾಗುವ ರಬ್ಬರ್ ಪಟ್ಟಿ. ಇದಾದರೆ ಕೆಲಸ ಮುಗೀತು. ಗೋಡೆ ಬೇಡ ಅನ್ನೋರು ಬೇರೆ ಫ್ರೇಮ್ ನಿಲ್ಲಿಸಿ ಎರಡು ಪದರ ಜಿಪ್ಸಮ್ ಬೋರ್ಡ್ ಹೊಡೆದು, ಹಿಂದೆ ರಾಕ್‌ವೂಲ್ ತುಂಬಬಹುದು. ಆ ಫ್ರೇಮ್ ಹಳೇ ಗೋಡೆಗೆ ತಾಗಬಾರದು. ತಾಗಿದರೆ ಕಂಪನ ಅದೇ ದಾರಿ ಹಿಡಿಯುತ್ತೆ. ತಗಡಿನ ಸೂರಿದ್ದರೆ ಒಳಗೂ ಹೀಗೇ ಒಂದು ಭಾರದ ಸೀಲಿಂಗ್ ಬೇಕು, ಅದು ದುಬಾರಿ. ಇವರ ಶೆಡ್ಡಿಗೆ ಆರ್‌ಸಿಸಿ ಮೋಲ್ಡ್ ಇತ್ತು, ಬಚಾವ್. ಡ್ರಮ್ ಇಡುವ ಕಡೆ ದಪ್ಪ ಪ್ಲೈವುಡ್ ಹಲಗೆ, ಅದರ ಕೆಳಗೆ ಹಳೇ ಟೆನಿಸ್ ಬಾಲ್‌ಗಳು. ಕ್ರಿಕೆಟ್ ಆಡೋ ಹುಡುಗರಿಗೆ ಅದಕ್ಕೇನು ಬರ. ನೆಲಕ್ಕೆ ಇಳಿಯುವ ಪೆಟ್ಟನ್ನು ಅವು ನುಂಗುತ್ತವೆ.

ಎಲ್ಲ ಸಂದು ಮುಚ್ಚಿದ ಮೇಲೆ ಗಾಳಿ? ಏಪ್ರಿಲ್ ಸೆಖೆಯಲ್ಲಿ ಆರು ಜನ ಒಳಗೆ ಬೆಂದು ಹೋಗ್ತಾರೆ. ಗಾಳಿಗೆ ನೇರ ಕಿಂಡಿ ಇಡದೆ, ಎರಡು ಮೂರು ಸಲ ತಿರುಗುವ ಒಂದು ಮರದ ಡಬ್ಬಿ ಮಾಡಿಸಿ, ಒಳಗೆ ಫೋಮ್ ಹೊದಿಸಿ, ಕೊನೆಗೆ ಫ್ಯಾನ್ ಹಾಕಬೇಕು. ಗಾಳಿ ತಿರುವಿನಲ್ಲಿ ಹೋಗುತ್ತೆ, ಶಬ್ದ ಪ್ರತಿ ತಿರುವಿಗೂ ಸೋಲುತ್ತೆ. ಆಮೇಲೆ ಕರೆಂಟ್ ಹೋಯ್ತು ಅಂತ ಆ ಮುಚ್ಚಿದ ಶೆಡ್ಡಿನೊಳಗೆ ಜನರೇಟರ್ ಹಾಕೋದು, ಬೈಕ್ ಸ್ಟಾರ್ಟ್ ಮಾಡೋದು ಯಾವತ್ತೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಜೀವ ತೆಗೆಯುತ್ತೆ.

ಚನ್ನರಾಯಪಟ್ಟಣದ ಒಂದು ತಂಡದವರು ಇದ್ಯಾವುದೂ ಬೇಡ ಅಂತ ತೆಂಗಿನ ತೋಟದ ಪಂಪ್‌ಹೌಸ್‌ಗೆ ಹೋಗಿದ್ದರು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತೆ. 10 ಮೀಟರ್ ಇದ್ದದ್ದು 160 ಆದರೆ 24 ಇಳೀತು. ದೂರವೂ ಒಂದು ಗೋಡೆ, ಅದೂ ಪುಕ್ಕಟೆ. ಆದರೆ ತೋಟದ ಲೈನಿಗೆ ಕರೆಂಟ್ ಬರ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ. ಒಂದು ವಾರ ತೂಕಡಿಸಿಕೊಂಡು ಬಾರಿಸಿ ವಾಪಸ್ ಬಂದರು. ಅವರ ಊರಿನ ತೆಂಗಿನ ನಾರಿನ ಮ್ಯಾಟ್, ಹಳೇ ಹಾಸಿಗೆ, ಕಂಬಳಿ ಗೋಡೆಗೆ ನೇತುಹಾಕಿದರೆ ಆಗಲ್ವಾ ಅಂತ ಕೇಳಿದರು. ಹೊರಗೆ ಹೋಗೋದು ನಿಲ್ಲಲ್ಲ. ಆದರೆ ಒಳಗಿನ ಪ್ರತಿಧ್ವನಿ ಕಡಿಮೆ ಆಗಿ ಒಬ್ಬರಿಗೊಬ್ಬರು ಚೆನ್ನಾಗಿ ಕೇಳಿಸುತ್ತೆ, ಆಗ ವಾಲ್ಯೂಮ್ ತಾನಾಗೇ ಇಳಿಯುತ್ತೆ. ಹಾಕಿ ಅಂದೆ. ಬೆಂಕಿಯಿಂದ, ಬೋರ್ಡಿನ ವೈರಿನಿಂದ ದೂರ ಇರಲಿ.

ಹೊಳೆನರಸೀಪುರದಲ್ಲಿ ಅವತ್ತೇ ದೊಡ್ಡ ಸ್ಪೀಕರ್ ಬಂದ್ ಮಾಡಿ, ಶಟರ್ ಕೆಳಗಿನ ಸಂದಿಗೆ ಮರಳಿನ ಚೀಲ ಇಟ್ಟು, ಅಕ್ಕನ ಮನೆ ಕಡೆಯ ವೆಂಟಿಲೇಟರಿಗೆ ದಪ್ಪ ಪ್ಲೈವುಡ್ ಹೊಡೆದು ಮತ್ತೆ ಅಳೆದೆವು. ಕಾಂಪೌಂಡ್ ಹತ್ತಿರ 61. ಕಾನೂನಿಗೆ ಇನ್ನೂ ಒಂದು ಹೆಚ್ಚು, ಗೋಡೆ ಕಟ್ಟಿದ ಮೇಲೆ ಅದೂ ಹೋಗುತ್ತೆ. ಆದರೆ ಮಲಗುವ ಕೋಣೆಗೆ ಹೋಗಿ ನಿಂತಾಗ ಢೋಲಕ್ಕಿನ ಎಡಗೈ ಸಣ್ಣಗೆ ಕೇಳ್ತಾನೇ ಇತ್ತು. ನಿದ್ದೆ ಕಣ್ಣಿನಲ್ಲೇ ಎದ್ದು ಬಂದ ಡ್ರೈವರ್ ಅಣ್ಣ ಬಾಗಿಲಲ್ಲಿ ನಿಂತು, "ನಾನು ಡ್ಯೂಟಿಗೆ ಹೋಗೋದು ಸಂಜೆ ಆರಕ್ಕೆ. ಆರರ ಮೇಲೆ ಬಾರಿಸಿ ಅಂತ ಹೇಳೋಣ ಅಂದ್ರೆ ಹುಡುಗ್ರಿಗೆ ಏನು ತೊಂದ್ರೆನೋ ಅಂತ ಸುಮ್ಮನಿದ್ದೆ" ಅಂದರು.

ಹುಡುಗರಿಗೆ ಏನೂ ತೊಂದರೆ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಈಗ ಪ್ರಾಕ್ಟೀಸ್ ಸಂಜೆ ಆರೂವರೆಯಿಂದ ಒಂಬತ್ತೂವರೆ. ಎದುರು ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಇದ್ದಾಳೆ, ಪರೀಕ್ಷೆ ತಿಂಗಳಲ್ಲಿ ಮತ್ತೆ ಮಾತಾಡಬೇಕಾಗುತ್ತೆ. ಗೋಡೆಗೆ ಇಟ್ಟಿಗೆ ಬಂದು ಬಿದ್ದಿದೆಯಂತೆ, ಗಾರೆಯವರು ಹಬ್ಬ ಮುಗೀಲಿ ಅಂದಿದ್ದಾರೆ. ಶೆಡ್ಡಿನ ಒಳಗೋಡೆಯ ಮೇಲೆ ಹಾಡಿನ ಪಟ್ಟಿಯ ಪಕ್ಕದಲ್ಲೇ ಡ್ರೈವರ್ ಅಣ್ಣನ ಡ್ಯೂಟಿ ಚಾರ್ಟ್ ಅಂಟಿಸಿದ್ದಾರೆ. ರೂಟ್ ಬದಲಾದರೆ ಅಕ್ಕ ಫೋನ್ ಮಾಡಿ ಹೇಳ್ತಾರಂತೆ.